ತಿಪ್ಪೆಗೆ ಬಂದ ಆರ್ಡರು

ಗ್ಯಾಸ್ ಅಳೆಯುವ ಮೀಟರು ಹಿಡಿದು ಬಂದ ಮಾಲಿನ್ಯ ಇಲಾಖೆ ಸಾಹೇಬರು ಎಮ್ಮೆ ಸಾಕುವ ಚಿಕ್ಕತಾಯಮ್ಮನ ತಿಪ್ಪೆ ಮುಂದೆ ಗುಡುಗಿದರು. "ನಿನ್ನ ಗೊಬ್ಬರದಿಂದ ಗ್ಯಾಸ್ ಬರ್ತಿದೆ! ಟಾರ್ಪಾಲು ಹೊದಿಸಿ ಅಂಚಿಗೆ ಮಣ್ಣು ಮೆತ್ತು. ಒಂದು ಚೂರು ಹೊರಗೆ ಬಂದರೂ ತಿಪ್ಪೇನೇ ಎತ್ತಿಸಿಬಿಡ್ತೀನಿ."

"ವಾರಕ್ಕೊಂದು ಸಲ ಮಗುಚಿ ಗಾಳಿ ಆಡಿಸ್ತೀನಲ್ಲ ಸ್ವಾಮಿ?"

"ಮುಟ್ಟಲೇಬೇಡ!"

"ಹಂಗಂತ ಬರೆದುಕೊಡಿ."

ಬರೆದುಕೊಟ್ಟರು. ತಿಂಗಳು ಬಿಟ್ಟು ಬಂದವರು ಹೌಹಾರಿದರು. ಟಾರ್ಪಾಲು ತುಂಬು ಗಬ್ಬದ ಎಮ್ಮೆಯ ಹೊಟ್ಟೆಯಂತೆ ಉಬ್ಬಿ ನಿಂತಿತ್ತು.

"ಅಯ್ಯೋ, ಸಿಡಿದುಬಿಡುತ್ತೆ ಕಣಮ್ಮಾ! ಬಿಚ್ಚು!"

"ಬಿಚ್ಚಿದ್ರೆ ಹೊರಗೆ ಬರುತ್ತಲ್ಲ ಸ್ವಾಮಿ? ನಿಮ್ಮ ಮಾತಿನಂಗೆ ಒಂದು ಚೂರೂ ಬಿಡದೆ ಕೂಡಿಟ್ಟಿದ್ದೀನಿ. ಟಾರ್ಪಾಲು ಸಮೇತ ನಿಮ್ಮ ಜೀಪಿಗೆ ಕಟ್ಟಿಬಿಡ್ಲಾ?"

ಸಾಹೇಬರು ಓಡಿಹೋಗಿ ಜೀಪು ಹತ್ತಿ ಗಾಜು ಏರಿಸಿಕೊಂಡರು. 'ಮೊದಲಿನಂತೆಯೇ ಮಗುಚತಕ್ಕದ್ದು' ಎಂಬ ಹೊಸ ಆರ್ಡರು ಕಿಟಕಿ ಸಂದಿಯಿಂದ ಹೊರಗೆ ಬಂತು. ಸಾಹೇಬರು ಬರಲಿಲ್ಲ.