ಕೆಂದಿ ಕಪ್ಪಾಗಲು ಹೊರಟಿದ್ದು

ಎಮ್ಮೆಗಳದ್ದೇ ಕಾರುಬಾರಾಗಿದ್ದ ಒಂದು ಕಾಡಿನಲ್ಲಿ ಕೆಂದಿ ಎಂಬ ಎಮ್ಮೆ ಇದ್ದಳು. ಉಳಿದವರೆಲ್ಲ ಕಪ್ಪು, ಇವಳೊಬ್ಬಳು ನಸುಗೆಂಪು. ಆ ಕಾಡಿನಲ್ಲಿ ಕಪ್ಪೇ ಚೆಲುವು. ಇನ್ನೇನು ಗಂಡಿನ ಕಡೆಯವರು ನೋಡಲು ಬರುವವರಿದ್ದರು. ಈ ಬಣ್ಣವನ್ನು ಯಾರು ಒಪ್ಪುತ್ತಾರೆ ಎಂದು ದೊಡ್ಡಮ್ಮ ದಿನವೂ ಕೊರಗುತ್ತಿದ್ದಳು. ಕೆಂದಿ ಬಿಸಿಲಲ್ಲಿ ನಿಂತು ನಿಂತು ಸುಸ್ತಾದಳೇ ಹೊರತು ಕಪ್ಪಾಗಲಿಲ್ಲ.

ಆಗ ಚೂಪಯ್ಯ ಎಂಬ ಮುಳ್ಳುಹಂದಿ ಬಂದ. ಅವನ ಸೋರೆಬುರುಡೆಯಲ್ಲಿ ಏನೋ ಮದ್ದಿತ್ತು. ಉದುರಿದ ತನ್ನ ಮುಳ್ಳುಗಳನ್ನು ಅದರಲ್ಲಿ ಅದ್ದಿಟ್ಟಿದ್ದ. ಒಂದು ಚುಚ್ಚಿದರೆ ಸಾಕು, ಮೈಯೇ ಒಳಗಿನಿಂದ ಬಣ್ಣ ತಯಾರಿಸುತ್ತದೆ, ಬಿಸಿಲಿನ ಹಂಗೇ ಬೇಡ ಎಂದ. ಅದರಲ್ಲೇನಿದೆ ಎಂದು ಕೆಂದಿ ಕೇಳಿದಳು.

"ಅದೆಲ್ಲ ನಿಮಗ್ಯಾಕಮ್ಮ? ಪಕ್ಕದ ಕಾಡಲ್ಲಿ ಎಲ್ಲರೂ ಹಾಕಿಸ್ಕೊಂಡಿದ್ದಾರೆ."

ಪಕ್ಕದಲ್ಲಿ ಕಾಡೇ ಇರಲಿಲ್ಲ, ಬರೀ ಕೆರೆ ಇತ್ತು. ಕೆಂದಿಗೆ ಅದು ಹೊಳೆಯಲೇ ಇಲ್ಲ. ಕೂಡಿಟ್ಟ ಗೆಣಸನ್ನೆಲ್ಲ ಕೊಟ್ಟು ಚುಚ್ಚಿಸಿಕೊಂಡಳು.

ಕಪ್ಪಾದಳು, ನಿಜ. ಆದರೆ ಹೊಟ್ಟೆ ತೊಳೆಸಿ ಹುಲ್ಲು ಕಂಡರಾಗದು. ಬೆನ್ನಿನ ಮಚ್ಚೆಗಳು ದೊಡ್ಡವಾದವು, ಹೊಸವೂ ಎದ್ದವು. ಅವಳ ಬೆನ್ನೇರಿ ಉಣ್ಣಿ ಹೆಕ್ಕುವ ಬೆಳ್ಳಕ್ಕಿ ಮಚ್ಚೆಯನ್ನೇ ಉಣ್ಣಿಯೆಂದು ಎಳೆದೂ ಎಳೆದೂ ಕೊಕ್ಕು ನೋಯಿಸಿಕೊಂಡಿತು.

"ಇದು ಉಣ್ಣಿ ಅಲ್ಲ ಕಣೇ. ದಿನಾ ದೊಡ್ಡದಾಗ್ತಿದೆ. ನಂಗ್ಯಾಕೋ ಹೆದರಿಕೆ ಆಗುತ್ತೆ" ಎಂದಿತು.

ಕೆಂದಿಗೂ ಹೆದರಿಕೆಯಾಯಿತು. ಚೂಪಯ್ಯನನ್ನು ಕೇಳಿದರೆ, ಮದ್ದು ಹಿಡಿಯುವಾಗ ಹಾಗೇ, ಇನ್ನೊಂದು ಚುಚ್ಚೋಣ ಎಂದ.

ಅಷ್ಟರಲ್ಲಿ ಗಂಡಿನ ಕಡೆಯವರು ಬಂದೇಬಿಟ್ಟರು. ಎಮ್ಮೆಗಳ ಸಂಪ್ರದಾಯದಂತೆ ಕೊಂಬಿನಿಂದ ಬಾಲದವರೆಗೆ ಕೆಸರು ಮೆತ್ತಿಕೊಂಡಿದ್ದರು. ಯಾರ ಬಣ್ಣ ಯಾವುದೆಂದು ಹೆತ್ತವರಿಗೂ ತಿಳಿಯುವಂತಿರಲಿಲ್ಲ. ಕೆಂದಿ ನಾಚಿಕೊಂಡು ಮುಂದೆ ಬಂದು ಭಾವೀ ಮಾವನ ಗೊರಸಿನ ಮೇಲೆ ವಾಂತಿ ಮಾಡಿದಳು. ದೊಡ್ಡಮ್ಮ ಅಳುತ್ತಾ ಮದ್ದಿನ ಕಥೆಯನ್ನೆಲ್ಲ ಹೇಳಿದಳು.

ಗಂಡು ಕಕ್ಕಾಬಿಕ್ಕಿಯಾದ. "ಬಣ್ಣ ಕೇಳಿದ್ಯಾರು? ಕೆಸರಿಗಿಳಿದ ಮೇಲೆ ನಾವೆಲ್ಲ ಒಂದೇ ಅಲ್ವಾ? ಮೊದಲು ನೀವು ಹುಷಾರಾಗಿ."

ಅಲ್ಲೇ ಬುರುಡೆ ಇಟ್ಟುಕೊಂಡು ನಿಂತಿದ್ದ ಚೂಪಯ್ಯನತ್ತ ಎಲ್ಲರೂ ಕೊಂಬು ತಿರುಗಿಸಿದರು. ಅವನು ಹಿಂದೆ ಹಿಂದೆ ಸರಿದು, ಬುರುಡೆಯನ್ನು ಉರುಳಿಸಿ, ಮದ್ದಿನ ಮುಳ್ಳುಗಳ ಮೇಲೆಯೇ ಕೂತುಬಿಟ್ಟ. ಸಂಜೆಯೊಳಗೆ ಅವನಿಗೂ ವಾಂತಿ, ಮೂತಿಯ ತುಂಬ ಮಚ್ಚೆ. ಕಾಡಿನ ವೈದ್ಯ ಕರಡಿ ಬಂದು, ಇದರಲ್ಲೇನಿದೆ ಹೇಳು, ತಿಳಿದರೆ ತಾನೇ ಔಷಧ ಕೊಡುವುದು ಎಂದಿತು.

"ನಂಗೇನು ಗೊತ್ತು ಸ್ವಾಮಿ, ನಾನು ಮಾರೋನು ಅಷ್ಟೇ" ಎಂದು ಚೂಪಯ್ಯ ಗೋಳೋ ಎಂದು ಅತ್ತ.

ಕೆಂದಿ ಮತ್ತೆ ಚುಚ್ಚಿಸಿಕೊಳ್ಳಲಿಲ್ಲ. ಮೆಲ್ಲಗೆ ಬಣ್ಣ ಬಿಟ್ಟಿತು, ಹುಲ್ಲು ರುಚಿಸಿತು. ಮಚ್ಚೆಗಳು ಮಾತ್ರ ಉಳಿದವು. ಮದುವೆಯ ದಿನವೂ ಕರಡಿ ಊಟಕ್ಕೆ ಮೊದಲು, ಮತ್ತೆ ಬೆಳೆದಿವೆಯೇ ಎಂದು ಅವನ್ನೇ ನೋಡಿತು.

ನೀತಿ: ಒಳಗೇನಿದೆ ಎಂದು ಮಾರುವವನಿಗೇ ಗೊತ್ತಿಲ್ಲದ ಮದ್ದನ್ನು ಬಣ್ಣದ ಆಸೆಗೆ ಮೈಗೆ ಚುಚ್ಚಿಸಿಕೊಳ್ಳಬಾರದು.