ಮಾವನಿಗೊಂದು ಲೋಟ ಮಜ್ಜಿಗೆ

ಇಂದ್ರಾಣಿಯ ಹಸುಗೂಸಿಗೆ ನಾಲಿಗೆಯಡಿಯ ಎಳೆ ಬಿಗಿದಿತ್ತು. ನಾಲಿಗೆ ಏಳದೆ ಬಾಯಿ ಮೊಲೆಯಿಂದ ಜಾರುತ್ತಿತ್ತು. ಅಳುವ ದನಿಯೂ ಸೊರಗಿತ್ತು. ಚಿಟಿಕೆ ಹೊಡೆಯುವಷ್ಟರಲ್ಲಿ ಆ ಎಳೆ ಕತ್ತರಿಸಿ ಬಿಡಿಸುತ್ತೇನೆ, ಕರೆತನ್ನಿ ಎಂದಿದ್ದರು ಡಾಕ್ಟರು.

"ನಾಮಕರಣಕ್ಕೆ ಮೊದಲು ನಮ್ಮ ವಂಶದ ಕೂಸಿಗೆ ಕತ್ತರಿ ಸೋಕಬಾರದು. ಬಜೆ ತೇಯ್ದು ನೆಕ್ಕಿಸು," ಎಂದರು ಮಾವ ಪುಟ್ಟಮಾದೇಗೌಡರು. ಹಾಲೂಡಿಸದ ಗಂಡಸಿಗೆ ಅಪ್ಪಣೆ ಕೊಡುವುದು ಸುಲಭ.

"ಆಗಲಿ ಮಾವ. ಮೊದಲು ಈ ಮಜ್ಜಿಗೆ ಕುಡೀರಿ. ನಾಲಿಗೇನ ಮಾತ್ರ ಚಮಚದಲ್ಲಿ ಕೆಳಕ್ಕೆ ಒತ್ತಿ ಹಿಡ್ಕೊಂಡೇ ನುಂಗಬೇಕು."

"ಅದ್ಯಾವ ದೊಡ್ಡ ಕೆಲಸ!"

ಗೌಡರು ಒತ್ತಿದರು, ನುಂಗಹೋದರು, ಕೆಮ್ಮಿದರು. ಮಜ್ಜಿಗೆಯೆಲ್ಲ ಮೀಸೆಯಿಂದ ಶಲ್ಯಕ್ಕೆ ಇಳಿಯಿತು.

"ಇನ್ನೊಂದು ಗುಟುಕು ಮಾವ. ನಾಮಕರಣದ ತನಕ ಹೀಗೇ ಕುಡೀಬೇಕಲ್ಲ?"

ಗೌಡರು ಕೂಸಿನ ಒಣಗಿದ ತುಟಿ ನೋಡಿದರು.

"ಯಾರ್ಲಾ ಅಲ್ಲಿ? ಗಾಡಿ ತೆಗೀರ್ಲಾ!" ಎಂದು ಕೂಗುತ್ತ ಬೀದಿಗೆ ಓಡಿದರು.