ರೇಣವ್ವನ ಐದು ಸಾಲು

ಹೊಳೆ ದಂಡೆಯ ಮಠದಲ್ಲಿ ನಿರ್ವಾಣಯ್ಯನವರು ಛಂದಸ್ಸು ಕಲಿಸುತ್ತಿದ್ದರು. ಚಂದ್ರಾಮ ಅವರ ಹಿರಿಯ ಶಿಷ್ಯ. ಯಾವ ಪದ್ಯ ಕೊಟ್ಟರೂ ಬೆರಳು ಮಡಿಸಿ ಮಾತ್ರೆ ಎಣಿಸಿಬಿಡುತ್ತಿದ್ದ.

ಒಂದು ದಿನ ಹೊಳೆಯಾಚೆಯ ಊರಿಂದ ರೇಣವ್ವ ಎಂಬ ನೇಕಾರ ಹೆಂಗಸು ಬಂದಳು. ಕೈಯಲ್ಲೊಂದು ಚೀಟಿ.

"ಇದು ಪದ್ಯ ಹೌದೋ ಅಲ್ಲೋ ನೋಡ್ರಿ."

ಚಂದ್ರಾಮ ಎಲ್ಲರೆದುರು ಓದಿದ:

ಕಾಗೆ ಎಂದಳು, ಗಿಳಿ ಎಂದಳು,
ಕೈಯೆತ್ತಿ ಚಂದಿರನ ಕರೆದಳು.
ನನ್ನ ನೋಡಿ ಕಣ್ಣಲ್ಲೇ ನಕ್ಕಳು.
ಕಾದೆ, ಕಾದೆ. ಆರನೆಯ ಯುಗಾದಿಗೆ ಅಂದಳು:
ಅಮ್ಮ.

"ಎರಡನೆಯ ಅಕ್ಷರದ ಪ್ರಾಸವಿಲ್ಲ. ಒಂದು ಸಾಲಿನ ಅಳತೆ ಇನ್ನೊಂದಕ್ಕಿಲ್ಲ. ಇದು ಪದ್ಯವಲ್ಲ, ತಾಯಿ," ಎಂದ.

ರೇಣವ್ವ ಚೀಟಿಯನ್ನು ಅಲ್ಲೇ ಬಿಟ್ಟು ಹೋದಳು.

ಗುರುಗಳು ಅದನ್ನೆತ್ತಿಕೊಂಡು ಮೆಲ್ಲಗೆ ಓದಿಕೊಂಡರು.

"ಇದರಲ್ಲೊಂದು ಕಟ್ಟು ಇದೆ. ಹುಡುಕು."

ಚಂದ್ರಾಮ ಮೂರು ದಿನ ಹುಡುಕಿದ. ಲಘು ಗುರು ಹಾಕಿದ, ಅಳಿಸಿದ, ಮತ್ತೆ ಹಾಕಿದ. ಕರೆದರೂ ಊಟಕ್ಕೆ ಏಳಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಗುರುಗಳ ಮುಂದೆ ನಿಂತ. "ಸಿಗಲಿಲ್ಲ. ಆದರೆ ಬಿಡುವುದಿಲ್ಲ."

ಗುರುಗಳು ಅವನ ಕೆಳತುಟಿಗೆ ವಿಭೂತಿ ಬಳಿದರು. "ಗಟ್ಟಿಯಾಗಿ ಓದು."

ಓದಿದ. ಕೊನೆಯ ಪದಕ್ಕೆ ಮುನ್ನ ಗುರುಗಳು ಕೈಯೆತ್ತಿ ತಡೆದರು.

"ಮೇಲ್ತುಟಿ ಮುಟ್ಟಿ ನೋಡು."

ಬೆರಳಿಗೆ ಏನೂ ಹತ್ತಲಿಲ್ಲ.

"ಈಗ ಮುಗಿಸು."

"ಅಮ್ಮ."

ತುಟಿಗೆ ತುಟಿ ತಾಗಿತು. ವಿಭೂತಿ ಮೇಲಕ್ಕೂ ಹತ್ತಿತು.

ಚಂದ್ರಾಮ ಚೀಟಿಯನ್ನೇ ದಿಟ್ಟಿಸಿದ. "ಪ, ಬ, ಮ... ನಾಲ್ಕು ಸಾಲಿನಲ್ಲಿ ಒಂದೂ ಇಲ್ಲ! ಯಾಕೆ ಹೀಗೆ ಬರೆದಳು?"

"ಬರೆದವನು ನಾನಲ್ಲವಲ್ಲ."

ಅವನು ಅಂದೇ ಹೊಳೆ ದಾಟಿದ. ರೇಣವ್ವನ ಮಗ್ಗದ ಪಕ್ಕ ಪುಟ್ಟ ಹುಡುಗಿಯೊಬ್ಬಳು ಕೂತಿದ್ದಳು. ಮೇಲ್ತುಟಿಯ ನಡುವೆ ಹೊಲಿಗೆಯ ಗುರುತು.

"ಹುಟ್ಟಿದಾಗ ತುಟಿ ಸೀಳಿತ್ರಿ," ಎಂದಳು ರೇಣವ್ವ. "ಐದು ವರ್ಷ ಆಸ್ಪತ್ರೆಗೆ ತಿರುಗಿದೆ. ಆಗೋದಿಲ್ಲ ಅಂದವರ ಬಾಗಿಲಿಗೇ ಮತ್ತ ಹೋದೆ. ಹೊಲಿದ ಮೇಲೆ ನನ್ನ ಕರೆದಳು. ಅದಕ್ಕೂ ಮೊದಲು ಆಕಿ ಬಾಯಿಗೆ ಬರ್ತಿದ್ದ ಅಕ್ಷರದಾಗ ಅಷ್ಟೇ ಬರೆದೀನ್ರಿ."

ಚಂದ್ರಾಮ ಕೈಮುಗಿದ. "ತಪ್ಪಾಯ್ತವ್ವ. ಇದು ಪದ್ಯ."

ಮಠಕ್ಕೆ ಮರಳಿ ಎಲ್ಲವನ್ನೂ ಹೇಳಿದ. "ಗುರುಗಳೇ, ಈ ಛಂದಸ್ಸಿಗೆ ಏನು ಹೆಸರು?"

"ಆ ಮಗುವಿನ ಹೆಸರೇನು?"

ಚಂದ್ರಾಮ ತಲೆ ತಗ್ಗಿಸಿದ. "ಕೇಳಲಿಲ್ಲ."

"ಅರ್ಧ ಓದಿ ಬಂದಿದ್ದೀಯ. ಚಪ್ಪಲಿ ಮೆಟ್ಟು."